ಇಂಗ್ಲೆಂಡಿನಲ್ಲಿ ಎರಡೂವರೆ ಗುಂಟೆ: ಪಾಳು ಬಿದ್ದ ಪ್ಲಾಟನ್ನೇ ಕೇಳಿ ಪಡೆಯುವುದು ಹೇಗೆ?

ಕೆಲಸಕ್ಕೆಂದು ಇಂಗ್ಲೆಂಡಿಗೆ ಹೋಗಿ ನೆಲೆಸಿದ ನಮ್ಮವರಲ್ಲಿ ಅನೇಕರಿಗೆ ಒಂದು ಆಸೆ ಇರುತ್ತದೆ. ಒಂದಿಷ್ಟು ಮೆಂತ್ಯ, ನಾಲ್ಕು ಸಾಲು ಹುರುಳಿಕಾಯಿ ಬೆಳೆಯಬೇಕು ಅಂತ. ಮನೆಯ ಹಿತ್ತಲು ನೋಡಿದರೆ ಜಮಖಾನದಷ್ಟು. ಆಗ ಯಾರೋ 'ಅಲಾಟ್‌ಮೆಂಟ್‌ಗೆ ಅರ್ಜಿ ಹಾಕಿ' ಅನ್ನುತ್ತಾರೆ. ನಮಗೆ ಅಲಾಟ್‌ಮೆಂಟ್ ಅಂದರೆ ಮನೆ ಕಟ್ಟುವ ಸೈಟು. ಅಲ್ಲಿ ಅದು ತರಕಾರಿ ಬೆಳೆಯಲು ಕೌನ್ಸಿಲ್ (ಅಲ್ಲಿನ ಸ್ಥಳೀಯ ಆಡಳಿತ) ಬಾಡಿಗೆಗೆ ಕೊಡುವ ನೆಲ. ಕ್ಯೂ ಮಾತ್ರ ಎರಡಕ್ಕೂ ಉದ್ದವೇ.

2023ರಲ್ಲಿ ಪರಿಸರ ಸಂಘಟನೆ ಗ್ರೀನ್‌ಪೀಸ್ ಕೌನ್ಸಿಲ್‌ಗಳಿಂದ ಮಾಹಿತಿ ತರಿಸಿಕೊಂಡು ಲೆಕ್ಕ ಹಾಕಿತು. ಬ್ರಿಟನ್ನಿನಲ್ಲಿ 1.74 ಲಕ್ಷಕ್ಕೂ ಜಾಸ್ತಿ ಜನ ಕಾಯುತ್ತಿದ್ದರು. ಆದರೆ ಯಾವುದಾದರೂ ಅಲಾಟ್‌ಮೆಂಟ್ ಸೈಟಿನ ಬೇಲಿಯಾಚೆ ಇಣುಕಿ ನೋಡಿ. ಎದೆಮಟ್ಟ ಬೆಳೆದ ಮುಳ್ಳುಪೊದೆ, ಬಾಗಿಲು ಕಳಚಿದ ಷೆಡ್ಡು, ಹರಿದ ಪ್ಲಾಸ್ಟಿಕ್ಕು ಕಾಣಿಸುತ್ತದೆ. ಇಷ್ಟು ಜನ ಕಾಯುತ್ತಿರುವಾಗ ಇದೇಕೆ ಹೀಗೆ?

ಪಾಳು ಬೀಳುವುದು ಹೇಗೆ ಅಂತ ಮೊದಲು ತಿಳಿಯಿರಿ

ಅಲ್ಲಿನ ಪೂರ್ತಿ ಪ್ಲಾಟ್ ಎಂದರೆ 10 ರಾಡ್. ರಾಡ್ ಹದಿನಾರೂವರೆ ಅಡಿಯ ಹಳೆಯ ಅಳತೆ, ನಮ್ಮ ಗುಂಟೆಯ 33 ಅಡಿಗೆ ಸರಿಯಾಗಿ ಅರ್ಧ. ಹಾಗಾಗಿ 10 ಚದರ ರಾಡ್ ಅಂದರೆ ಕರಾರುವಾಕ್ಕಾಗಿ ಎರಡೂವರೆ ಗುಂಟೆ. ಬೆಂಗಳೂರಿನ 40–60 ಸೈಟಿಗಿಂತ ದೊಡ್ಡದು. ಆಫೀಸು, ಮಕ್ಕಳ ಶಾಲೆ ಎಲ್ಲ ಮುಗಿಸಿ ಭಾನುವಾರ ಎರಡು ಗಂಟೆ ಗುದ್ದಲಿ ಹಿಡಿಯುವವರಿಗೆ ಅದು ಹೊಲವೇ. ವರ್ಷಗಟ್ಟಲೆ ಕಾದು ಪಡೆದವರು ಮೊದಲ ಬೇಸಿಗೆಯಲ್ಲೇ ಸುಸ್ತಾಗುತ್ತಾರೆ. ಬಿಟ್ಟುಕೊಡಲು ಮನಸ್ಸು ಬರುವುದಿಲ್ಲ. ಬಾಡಿಗೆ ಕಡಿಮೆ, ಕಟ್ಟುತ್ತಾ ಹೋಗುತ್ತಾರೆ.

ಬಿಡಿಸುವುದಕ್ಕೆ ಕಾನೂನು ಇಲ್ಲದಿಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ಗೆ 1908ರ ಕಾಯ್ದೆಯೇ ಇದೆ. ಬಾಡಿಗೆ 40 ದಿನ ಬಾಕಿಯಾದರೆ, ಅಥವಾ ಕೈಗೆ ಬಂದು ಮೂರು ತಿಂಗಳಾದ ಮೇಲೂ ನಿಯಮ ಪಾಲಿಸದಿದ್ದರೆ, ಒಂದು ತಿಂಗಳ ನೋಟಿಸ್ ಕೊಟ್ಟು ಬಿಡಿಸಬಹುದು. ನಡೆಯುವುದೇ ಬೇರೆ. ಮೊದಲು ಎಚ್ಚರಿಕೆ ಪತ್ರ ಹೋಗುತ್ತದೆ. ಪತ್ರ ಬಂದ ವಾರ ಆ ಮನುಷ್ಯ ಬಂದು ಒಂದು ಮೂಲೆ ಕೆದಕಿ ಹೋಗುತ್ತಾನೆ. ಕಡತ ಮತ್ತೆ ಮೊದಲಿಗೆ! ಅವರಲ್ಲಿ ಕಾಯಿಲೆ ಬಿದ್ದವರೂ ಇರುತ್ತಾರೆ, ಅವರನ್ನು ಒಕ್ಕಲೆಬ್ಬಿಸಲು ಯಾರಿಗೂ ಇಷ್ಟವಿರುವುದಿಲ್ಲ.

ಅರ್ಜಿ ಹಾಕಿ ಸುಮ್ನೆ ಕೂರಬೇಡಿ

ಸಿಟಿ ಕೌನ್ಸಿಲ್ ಒಂದೇ ಅಲ್ಲ, ಟೌನ್ ಕೌನ್ಸಿಲ್, ಹಳ್ಳಿ ಮಟ್ಟದ ಪ್ಯಾರಿಷ್ ಕೌನ್ಸಿಲ್, ಬೆಳೆಗಾರರೇ ನಡೆಸುವ ಸಂಘಗಳೂ ಇವೆ. ಕ್ಯೂ ಬೇರೆ ಬೇರೆ. ನೀವು ಇರುವ ಜಾಗಕ್ಕೆ ಯಾವುದೆಲ್ಲ ಅನ್ವಯಿಸುತ್ತದೋ ಎಲ್ಲದರಲ್ಲೂ ಹೆಸರು ಬರೆಸಿ. ಇ-ಮೇಲ್ ಬದಲಾದರೆ ತಿಳಿಸಿ. ಉತ್ತರ ಕೊಡದವರ ಹೆಸರು ಪಟ್ಟಿಯಿಂದ ಬಿದ್ದು ಹೋಗುತ್ತದೆ.

ಆಮೇಲೆ ಒಂದು ಭಾನುವಾರ ಬೆಳಿಗ್ಗೆ ಸೈಟಿಗೇ ಹೋಗಿ. ನನ್ನ ಪ್ರಕಾರ ಇಡೀ ಕೆಲಸದಲ್ಲಿ ಇದೇ ಮುಖ್ಯ. ಅಲ್ಲಿ ಸೈಟ್ ಸೆಕ್ರೆಟರಿ ಅಂತ ಒಬ್ಬರಿರುತ್ತಾರೆ, ಹೆಚ್ಚಾಗಿ ನಿವೃತ್ತರು. ಅವರಿಗೆ ಎರಡು ಮಾತು ಹೇಳಿ: 'ಅರ್ಧವೋ ಕಾಲು ಭಾಗವೋ ಸಾಕು', 'ಪಾಳು ಬಿದ್ದದ್ದಾದರೂ ಪರವಾಗಿಲ್ಲ'. ಪಟ್ಟಿಯಲ್ಲಿ ಮುಂದಿರುವ ಅನೇಕರು ಮುಳ್ಳು ನೋಡಿ ಬೇಡ ಅನ್ನುತ್ತಾರೆ, ಸರದಿ ಹಿಂದಿನವರಿಗೆ ಬರುತ್ತದೆ. ಕೈ ಸೋತ ಹಿರಿಯರೊಬ್ಬರ ಪ್ಲಾಟಿನಲ್ಲಿ ಸಹಾಯಕ್ಕೆ ಸೇರುವುದೂ ಒಳ್ಳೆಯದು. ಕ್ಯೂನಲ್ಲಿ ನಿಂತುಕೊಂಡೇ ಕೆಲಸ ಕಲಿಯಬಹುದು. ಯಾರೂ ಇಲ್ಲದ ಪ್ಲಾಟು ಅಂತ ನೀವೇ ಅಗೆಯಲು ಶುರು ಮಾಡಬೇಡಿ, ಅದು ಇನ್ನೂ ಬೇರೆಯವರ ಹೆಸರಲ್ಲಿರುತ್ತದೆ.

ಊರಿನಲ್ಲಿ ಜಾಗವೇ ಸಾಲದಿದ್ದರೆ ಆರು ಮಂದಿ ಮತದಾರರು ಅಥವಾ ಕೌನ್ಸಿಲ್ ತೆರಿಗೆ ಕಟ್ಟುವವರು ಸೇರಿ ಲಿಖಿತ ಮನವಿ ಕೊಡಬಹುದು. ಕೌನ್ಸಿಲ್ ಅದನ್ನು ಪರಿಗಣಿಸಲೇಬೇಕು. ಒಳ ಲಂಡನ್ನಿನಲ್ಲಿ ಮಾತ್ರ ಇದು ನಡೆಯದು.

ಕೀ ಸಿಕ್ಕಿತು. ಈಗ?

ಮೊದಲ ದಿನ ಫೋಟೊ ತೆಗೆದು ಸೆಕ್ರೆಟರಿಗೆ ಕಳಿಸಿ. ಪಾಳು ನಿಮ್ಮದಲ್ಲ ಎನ್ನುವುದಕ್ಕೆ ಅದೇ ದಾಖಲೆ. ಹಳೆಯ ಷೆಡ್ಡಿಗೆ ಆಸ್ಬೆಸ್ಟಾಸ್ ಶೀಟ್ ಇದ್ದರೆ ಮುರಿಯಬೇಡಿ, ಕೌನ್ಸಿಲ್‌ಗೆ ಹೇಳಿ. ದಪ್ಪ ಕೈಗವಸು ಬೇಕೇ ಬೇಕು. ಹುಲ್ಲಿನಡಿ ಗಾಜಿನ ಚೂರು, ಕೊಳೆತ ಕಾರ್ಪೆಟ್ಟು ಸಿಗುತ್ತವೆ. ಪೊದೆ ಕಡಿಯುವುದು ಚಳಿಗಾಲಕ್ಕೆ ಸರಿ. ಮಾರ್ಚ್‌ನಿಂದ ಆಗಸ್ಟ್‌ವರೆಗೆ ಹಕ್ಕಿಗಳು ಗೂಡು ಕಟ್ಟಿರುತ್ತವೆ.

ಟಿಲ್ಲರ್ ಬಾಡಿಗೆಗೆ ತಂದು ಒಂದೇ ದಿನದಲ್ಲಿ ಉತ್ತುಬಿಡೋಣ ಅನ್ನಿಸುತ್ತದೆ. ನಾನೂ ಹಾಗೇ ಮಾಡಿದೆ. ಅಲ್ಲಿನ ಕೌಚ್ ಹುಲ್ಲು ನಮ್ಮ ಗರಿಕೆಯಂಥ ಹಟಮಾರಿ. ಬೈಂಡ್‌ವೀಡ್ ಬಳ್ಳಿ ಅದಕ್ಕಿಂತ ಹೆಚ್ಚು. ಬೇರಿನ ಒಂದೊಂದು ತುಂಡೂ ಚಿಗುರುತ್ತದೆ. ಒಂದು ಬೇರಿದ್ದಲ್ಲಿ ಇಪ್ಪತ್ತು ಮಾಡಿಕೊಂಡು ಆ ಬೇಸಿಗೆಯೆಲ್ಲ ಕೂತು ಕಿತ್ತೆ.

ಅದರ ಬದಲು ಹೀಗೆ ಮಾಡಿ. ಎಲ್ಲವನ್ನೂ ನೆಲಮಟ್ಟಕ್ಕೆ ಕೊಯ್ಯಿರಿ. ಕಾಲು ಭಾಗ ಬಿಟ್ಟು ಉಳಿದದ್ದಕ್ಕೆ ದಪ್ಪ ಕಪ್ಪು ಹೊದಿಕೆ ಹಾಸಿ, ಅಂಚಿಗೆ ಕಲ್ಲು ಹೇರಿ. ಬೆಳಕಿಲ್ಲದೆ ಹುಲ್ಲು ಒಂದು ವರ್ಷದಲ್ಲಿ ಸೋಲುತ್ತದೆ, ಬೈಂಡ್‌ವೀಡ್ ಇನ್ನಷ್ಟು ಕಾಲ ತೆಗೆದುಕೊಳ್ಳುತ್ತದೆ. ಹೊದಿಕೆಗೆ ತೂತು ಮಾಡಿ ಕುಂಬಳದ ಸಸಿ ನೆಟ್ಟರೆ ಮುಚ್ಚಿದ ನೆಲವೂ ಫಸಲು ಕೊಡುತ್ತದೆ. ತೆರೆದ ಕಾಲು ಭಾಗವನ್ನು ಫೋರ್ಕಿನಲ್ಲಿ ಅಗೆದು ಬೇರು ಆರಿಸಿ. ಏಪ್ರಿಲ್‌ನಲ್ಲಿ ಆಲೂಗಡ್ಡೆ ಹಾಕಿ, ಅದನ್ನು ಕೀಳುವಾಗ ಮಣ್ಣು ಇನ್ನೊಂದು ಸಲ ಸಡಿಲವಾಗುತ್ತದೆ. ಮೆಂತ್ಯ ಸಲೀಸಾಗಿ ಬರುತ್ತದೆ. ಕೊತ್ತಂಬರಿ ಬಿಸಿಲಿಗೆ ಬೇಗ ಹೂ ಬಿಡುತ್ತದೆ, ಆದ್ದರಿಂದ ವಸಂತಕ್ಕೆ ಅಥವಾ ಬೇಸಿಗೆಯ ಕೊನೆಗೆ ಬಿತ್ತಿ. ಸೋರೆ, ಹೀರೆಗೆ ಮೇ ಕೊನೆಯವರೆಗೂ ಹೆಪ್ಪುಗಟ್ಟುವ ಮಂಜಿನ ಭಯ, ಪಾಲಿಟನೆಲ್ (ಪ್ಲಾಸ್ಟಿಕ್ ಹೊದಿಸಿದ ಕಮಾನಿನ ಗೂಡು) ಇದ್ದರೆ ಒಳ್ಳೆಯದು. ಬರ್ಮಿಂಗ್‌ಹ್ಯಾಮಿನ ಹ್ಯಾಂಡ್ಸ್‌ವರ್ತ್ ಕಡೆ ಭಾರತ ಮೂಲದ ಬೆಳೆಗಾರರು ಜಾಸ್ತಿ, ಒಮ್ಮೆ ನೋಡಿ ಬನ್ನಿ.

ನಮ್ಮವರ ಪ್ಲಾಟು ಕೆಡುವುದು ಹೆಚ್ಚಾಗಿ ಆಗಸ್ಟ್‌ನಲ್ಲಿ. ಶಾಲೆಗೆ ರಜ, ಆರು ವಾರ ಊರಿಗೆ ಹೊರಟಿರುತ್ತೇವೆ. ಕಳೆ ಎದ್ದು ನಿಲ್ಲುವುದೂ, ಕೌನ್ಸಿಲ್‌ನವರು ನೋಡಲು ಬರುವುದೂ ಆಗಲೇ. ಹೊರಡುವ ಮೊದಲು ಸೆಕ್ರೆಟರಿಗೆ ಒಂದು ಸಾಲು ಬರೆಯಿರಿ. ಪಕ್ಕದ ಪ್ಲಾಟಿನವರಿಗೆ ನೀರು ಹಾಕಲು ಹೇಳಿ, ಬೀನ್ಸ್ ಪೂರ್ತಿ ಅವರೇ ಕಿತ್ತುಕೊಳ್ಳಲಿ. ಕೀಳದೆ ಬಿಟ್ಟರೆ ಕಾಯಿ ಬಲಿತು ಬಳ್ಳಿ ಹೂ ಬಿಡುವುದನ್ನೇ ನಿಲ್ಲಿಸುತ್ತದೆ.