ಗೋ ಕಂಪೈಲರ್‌ಗೆ ಒಂದು ಹೊರಕವಚ: ನನ್ನ ಅನುಭವ

ಗೋ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದ ನಮ್ಮ ಸರ್ವರ್‌ನಲ್ಲಿ ಯಾವ ಫಂಕ್ಷನ್ ಎಷ್ಟು ಹೊತ್ತು ತಿನ್ನುತ್ತಿದೆ ಎಂದು ತಿಳಿಯಬೇಕಿತ್ತು. ಅಳೆಯುವ ಸಾಲನ್ನು ಎಲ್ಲೆಡೆ ಕೈಯಾರೆ ತುರುಕಿ, ಕೆಲಸ ಮುಗಿದ ಮೇಲೆ ಹುಡುಕಿ ಹುಡುಕಿ ಕಿತ್ತುಹಾಕುವ ತಾಳ್ಮೆ ನನಗಿಲ್ಲ. ಫಂಕ್ಷನ್‌ನ ಮೇಲೆ ‘ಅಳೆ’ ಎಂದು ಒಂದು ಟಿಪ್ಪಣಿ ಬರೆದರೆ, ಉಳಿದದ್ದನ್ನು ಬಿಲ್ಡ್, ಅಂದರೆ ಕೋಡನ್ನು ಓಡಬಲ್ಲ ಪ್ರೋಗ್ರಾಮ್ ಆಗಿಸುವ ಹಂತ, ನೋಡಿಕೊಳ್ಳಬೇಕು. (ಗೋ ಭಾಷೆಯಲ್ಲಿ ವೇರಿಯಬಲ್‌ಗೆ ‘ಅರಸ’ ಎಂದು ಹೆಸರಿಡಬಹುದು, ‘ರಾಜ’ ಎಂದರೆ ಕೋಡನ್ನು ಯಂತ್ರಭಾಷೆಗೆ ತಿರುಗಿಸುವ ಕಂಪೈಲರ್ ಒಪ್ಪುವುದಿಲ್ಲ, ಕಾಗುಣಿತದ ಚಿಹ್ನೆಗಳನ್ನು ಅದು ಅಕ್ಷರವೆಂದು ಎಣಿಸುವುದಿಲ್ಲ. ಟಿಪ್ಪಣಿಗೆ ಆ ಕಾಟವಿಲ್ಲ.)

ಇದಕ್ಕಾಗಿ ಕಂಪೈಲರ್‌ನ ಒಳಗೆ ಕೈಹಾಕಬೇಕಿಲ್ಲ. ‘ಗೋ ಬಿಲ್ಡ್’ ಆಜ್ಞೆಗೆ ‘-ಟೂಲ್‌ಎಕ್ಸೆಕ್’ ಎಂಬ ಫ್ಲ್ಯಾಗ್ ಇದೆ. ಅದಕ್ಕೆ ನಮ್ಮದೊಂದು ಪ್ರೋಗ್ರಾಮ್‌ನ (ಇದೇ ನಾನು ಹೇಳುವ ಕವಚ) ಪಾತ್ ಕೊಟ್ಟರೆ ಕಂಪೈಲರ್, ಅಸೆಂಬ್ಲರ್, ಕಂಪೈಲ್ ಆದ ತುಣುಕುಗಳನ್ನು ಜೋಡಿಸುವ ಲಿಂಕರ್ ಎಲ್ಲವನ್ನೂ ಗೋ ಈ ಕವಚದ ಮೂಲಕವೇ ಕರೆಯುತ್ತದೆ. ಕಂಪೈಲರ್ ಅಲ್ಲದ್ದನ್ನು ಹಾಗೆಯೇ ಮುಂದೆ ದಾಟಿಸುತ್ತೇನೆ, ಕೆಲಸ ಆಯಿತೋ ಇಲ್ಲವೋ ಹೇಳುವ ಎಕ್ಸಿಟ್ ಕೋಡ್ ಸಮೇತ. ಗೋ ಜೊತೆಗೇ ಬರುವ ಸ್ಟ್ಯಾಂಡರ್ಡ್ ಲೈಬ್ರರಿಯೂ ಇದೇ ದಾರಿಯಲ್ಲಿ ಬರುವುದರಿಂದ, ಈಗ ಯಾವ ಪ್ಯಾಕೇಜ್ ಕಂಪೈಲ್ ಆಗುತ್ತಿದೆ ಎಂದು ಹೇಳುವ ‘ಟೂಲ್‌ಎಕ್ಸೆಕ್_ಇಂಪೋರ್ಟ್‌ಪಾತ್’ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್ ನೋಡಿ, ನಮ್ಮದೇ ಪ್ಯಾಕೇಜ್ ಆಗಿದ್ದರೆ ಮಾತ್ರ ತಿದ್ದುತ್ತೇನೆ.

ತಿದ್ದುವುದು ಸುಲಭ. ಮೂಲ ಫೈಲನ್ನು ಪಾರ್ಸ್ ಮಾಡಿ, ಫಂಕ್ಷನ್ ತೆರೆಯುವ ಆವರಣ ಚಿಹ್ನೆಯ ಪಕ್ಕದಲ್ಲೇ, ಅದೇ ಸಾಲಿನಲ್ಲಿ, ಫಂಕ್ಷನ್ ಮುಗಿಯುವಾಗ ಓಡುವ ಒಂದು ‘ಡಿಫರ್’ ಕರೆ ಸೇರಿಸಿ ತಾತ್ಕಾಲಿಕ ಫೈಲಿಗೆ ಬರೆಯುತ್ತೇನೆ. ಹೊಸ ಸಾಲು ಮಾಡಿದರೆ ದೋಷ ಸಂದೇಶಗಳ ಸಾಲಿನ ಸಂಖ್ಯೆ ಕೆಡುತ್ತದೆ. ಫೈಲಿನ ತಲೆಯಲ್ಲಿ ಹಳೆಯ ಪಾತ್ ಹೊತ್ತ ‘//ಲೈನ್’ ಸೂಚನೆ ಹಾಕಿದರೆ ಸಂದೇಶಗಳು ಮೂಲ ಫೈಲನ್ನೇ ತೋರಿಸುತ್ತವೆ.

ಆ ಕರೆಗೆ ಬೇಕಾದ ಅಳತೆಯ ಪ್ಯಾಕೇಜನ್ನು ಒಳತರುವ ಇಂಪೋರ್ಟ್ ಮಾತ್ರ ಗಡುಸು. ಕಂಪೈಲರ್‌ಗೆ ಗೋ ಕೊಡುವ ‘ಇಂಪೋರ್ಟ್‌ಸಿಎಫ್‌ಜಿ’ ಫೈಲಿನಲ್ಲಿ ಹೆಸರಿಲ್ಲದ ಪ್ಯಾಕೇಜನ್ನು ಕವಚವು ತಾನಾಗಿ ಎಳೆದು ತರಲಾಗದು. ಆ ಫೈಲನ್ನೇ ತಿದ್ದಬಹುದು, ಆದರೆ ಲಿಂಕರ್‌ನ ಪಟ್ಟಿಯನ್ನೂ ಸರಿಪಡಿಸಬೇಕಾಗಬಹುದು. ಗೋಗೆ ತಿಳಿಯದೆ ಅವಲಂಬನೆ ಸೇರಿಸುವುದು ನನಗೆ ಹಿಡಿಸಲಿಲ್ಲ. ಅದರ ಬದಲು, ‘ಅಳೆ’ ಬಳಸುವ ಫೈಲು ನಮ್ಮ ಅಳತೆಯ ಪ್ಯಾಕೇಜನ್ನು ಹೆಸರಿನ ಜಾಗದಲ್ಲಿ ಅಡಿಗೆರೆ (_) ಹಾಕಿ ಇಂಪೋರ್ಟ್ ಮಾಡಿರಲೇಬೇಕೆಂದು ನಿಯಮ ಮಾಡಿದೆ. ಕವಚ ಆ ಅಡಿಗೆರೆಯ ಜಾಗದಲ್ಲಿ ಹೆಸರು ಕೂರಿಸುತ್ತದೆ, ಅಷ್ಟೇ. ಕವಚವಿಲ್ಲದೆಯೂ ಅದೇ ಕೋಡ್ ಸರಾಗವಾಗಿ ಕಂಪೈಲ್ ಆಗುತ್ತದೆ, ಎಡಿಟರ್ ಕೂಡ ತಕರಾರು ಮಾಡುವುದಿಲ್ಲ.

ಹೆಚ್ಚು ಎಚ್ಚರ ಬೇಕಾದದ್ದು ಬಿಲ್ಡ್ ಕ್ಯಾಶ್‌ನಲ್ಲಿ, ಅಂದರೆ ಒಮ್ಮೆ ಕಂಪೈಲ್ ಆದದ್ದನ್ನು ಗೋ ಮರುಬಳಕೆಗೆ ಕೂಡಿಡುವ ಜಾಗದಲ್ಲಿ. ಗೋ ಪ್ರತಿ ಟೂಲನ್ನೂ ಮೊದಲು ‘-ವಿ=ಫುಲ್’ ಎಂದು ಕರೆದು ಆವೃತ್ತಿ ಕೇಳಿ, ಬಂದ ಉತ್ತರವನ್ನು ಕ್ಯಾಶ್‌ನ ಗುರುತಿಗೆ ಸೇರಿಸಿಕೊಳ್ಳುತ್ತದೆ. ಕವಚ ಅಲ್ಲಿ ಸುಮ್ಮನಿದ್ದರೆ ಅಳತೆ ಸೇರಿದ ಆಬ್ಜೆಕ್ಟ್‌ಗೂ (ಕಂಪೈಲ್ ಆದ ಫೈಲಿಗೂ) ಸೇರದ್ದಕ್ಕೂ ಗುರುತು ಒಂದೇ ಆಗುತ್ತದೆ. ಬಿಡುಗಡೆಯ ಬಿಲ್ಡ್‌ನೊಳಗೆ ಅಳತೆಯ ಕೋಡ್ ನುಸುಳಬಹುದು. ಹಾಗಾಗಿ ಅಸಲಿ ಕಂಪೈಲರ್‌ನ ಉತ್ತರ ಪಡೆದು, ಅದೇ ಸಾಲಿನ ಕೊನೆಗೆ ಕವಚದ ಬೈನರಿಯ ಹ್ಯಾಶ್ (ಬೆರಳಚ್ಚಿನಂಥ ಒಂದು ಸಂಖ್ಯೆ) ಅಂಟಿಸಿ ಕೊಡುತ್ತೇನೆ. ಕವಚ ಬದಲಾದರೆ ಗುರುತೂ ಬದಲಾಗುತ್ತದೆ. ಇದರ ಬೆಲೆಯೆಂದರೆ ಕವಚವನ್ನು ತಿದ್ದಿದಾಗಲೆಲ್ಲ ಸ್ಟ್ಯಾಂಡರ್ಡ್ ಲೈಬ್ರರಿಯೂ ಹೊಸದಾಗಿ ಕಂಪೈಲ್ ಆಗುತ್ತದೆ. ಆ ಮೊದಲ ಬಿಲ್ಡ್ ನಿಧಾನ.