ಅಂಗಾಲಿನ ಕಪ್ಪು ಕಲೆ: ನೋಡುವುದು ಹೇಗೆ?

ಮೆಲನೋಮಾ ಎಂದರೆ ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳಲ್ಲಿ ಹುಟ್ಟುವ ಕ್ಯಾನ್ಸರ್. ಅದು ಬಿಳಿಯರಿಗೆ ಬಿಸಿಲಿನಿಂದ ಬರುವ ರೋಗ, ನಮಗಲ್ಲ ಎಂದು ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲದ ಕಡೆ ಓದಿದವರೂ ಹೇಳುತ್ತಾರೆ. ನಮ್ಮ ಬಣ್ಣದವರಲ್ಲಿ ಅಪರೂಪ, ನಿಜ. ಆದರೆ ಬಂದರೆ ಹೆಚ್ಚಾಗಿ ಬಿಸಿಲೇ ತಾಗದ ಅಂಗಾಲು, ಅಂಗೈ, ಉಗುರಿನಡಿಯಲ್ಲಿ ಬರುತ್ತದೆ. ಗಾಯಕ ಬಾಬ್ ಮಾರ್ಲಿ 1981ರಲ್ಲಿ, 36ನೇ ವಯಸ್ಸಿನಲ್ಲಿ ತೀರಿಕೊಂಡದ್ದು ಕಾಲ್ಬೆರಳಿನಲ್ಲಿ ಶುರುವಾದ ಮೆಲನೋಮಾದಿಂದ.

ಮೊದಲು ಕಾಲು ತೊಳೆಯಿರಿ. ಅಡಿಕೆಯ ಕರೆ, ತೋಟದ ಕೆಂಪು ಮಣ್ಣು ಹಿಮ್ಮಡಿಯ ಬಿರುಕಿನಲ್ಲಿ ಕೂತಿರುತ್ತವೆ. ಬಿಸಿನೀರಿನಲ್ಲಿ ನೆನೆಸಿ ಉಜ್ಜಿ. ನೋಡುವುದು ಹಗಲು ಹೊತ್ತು, ಜಗಲಿಯಲ್ಲಿ. ಟ್ಯೂಬ್‌ಲೈಟಿನಡಿ ಬೇಡವೇ ಬೇಡ. ಬೆರಳ ಸಂದುಗಳನ್ನು ಮನೆಯವರಿಂದ ನೋಡಿಸಿ.

ಕಲೆಯ ಎರಡು ಅರ್ಧ ಒಂದಕ್ಕೊಂದು ಹೊಂದದಿದ್ದರೆ, ಅಂಚು ಅಂಕುಡೊಂಕಾಗಿದ್ದರೆ, ಒಂದೇ ಕಲೆಯಲ್ಲಿ ಹಲವು ಬಣ್ಣವಿದ್ದರೆ, 6 ಮಿಲಿಮೀಟರ್ ಮೀರಿದ್ದರೆ ಚರ್ಮವೈದ್ಯರಿಗೆ ತೋರಿಸಿ. ಬೆಳೆಯುತ್ತಿದ್ದರೆ ಅಷ್ಟು ಅಳತೆ ಆಗಲಿ ಎಂದು ಕಾಯಬೇಡಿ. ಇದ್ಯಾವುದೂ ಇಲ್ಲದ ಕಲೆಯಾದರೆ ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟು ಫೋಟೋ ತೆಗೆದರೆ ಮುಂದಿನ ತಿಂಗಳು ಹೋಲಿಸಬಹುದು.

ಎಲ್ಲರೂ ಎಡವುವುದು ಉಗುರಿನಲ್ಲಿ. ಕಲ್ಲು ತಾಗಿ ಹೆಪ್ಪುಗಟ್ಟಿದ ರಕ್ತವೂ ಕಪ್ಪೇ, ರೋಗವೂ ಕಪ್ಪೇ. ಕಪ್ಪಿನ ಬುಡ ಎಲ್ಲಿದೆಯೋ ಅದರ ನೇರಕ್ಕೆ ಉಗುರಿನ ಮೇಲೆ ಅರದಿಂದ ಸಣ್ಣ ಗೀರು ಹಾಕಿ. ಕಾಲಿನ ಉಗುರು ತಿಂಗಳಿಗೆ ಸುಮಾರು 1.5 ಮಿಲಿಮೀಟರ್ ಬೆಳೆಯುತ್ತದೆ. ರಕ್ತವಾದರೆ ಗೀರಿನ ಜೊತೆ ಮುಂದೆ ಸರಿಯುತ್ತದೆ, ಬುಡದಲ್ಲಿ ಹೊಸ ಉಗುರು ಬಿಳಿಯಾಗಿ ಬರುತ್ತದೆ. ಗೀರು ಮಾತ್ರ ಮುಂದೆ ಹೋಗಿ ಬುಡ ಕಪ್ಪಾಗಿಯೇ ಉಳಿದರೆ ಅದು ರಕ್ತವಲ್ಲ. ಹಲವು ಉಗುರುಗಳಲ್ಲಿ ತೆಳು ಕಂದು ಗೆರೆ ನಮ್ಮಲ್ಲಿ ಸಾಮಾನ್ಯ. ಒಂದೇ ಉಗುರಿನಲ್ಲಿ, ದೊಡ್ಡವರಾದ ಮೇಲೆ ಹೊಸದಾಗಿ ಬಂದು ಅಗಲವಾಗುತ್ತಿರುವ ಗೆರೆ ಸಾಮಾನ್ಯವಲ್ಲ. ಕಪ್ಪು ಉಗುರು ದಾಟಿ ಸುತ್ತಲಿನ ಚರ್ಮಕ್ಕೆ ಇಳಿದಿದ್ದರಂತೂ ಗೀರು ಹಾಕಿ ಕಾಯುವುದೇ ತಪ್ಪು. ಆ ವಾರವೇ ಹೋಗಿ.

ಇಲ್ಲಿ ಒಂದು ಮಾತು: ಆಣಿ ಎಂದುಕೊಂಡು ಅಂಗಡಿಯ ಆಣಿ ಪಟ್ಟಿ ಅಂಟಿಸುವುದು, ಸುಣ್ಣ-ಸೋಡಾ ಹಚ್ಚಿ ಮಚ್ಚೆ ಸುಡುವುದು, ಗೇರೆಣ್ಣೆ ಸವರುವುದು ಬೇಡ. ಮೇಲಿನ ಗುರುತು ಅಳಿಯುತ್ತದೆ, ಒಳಗಿನದ್ದು ಬೆಳೆಯುತ್ತದೆ. ಬ್ಯೂಟಿ ಪಾರ್ಲರಿನ ಲೇಸರ್ ಇನ್ನೂ ಕೆಟ್ಟದ್ದು, ಪರೀಕ್ಷೆಗೆ ಕಳಿಸಲು ಚೂರೂ ಉಳಿಯುವುದಿಲ್ಲ. ಕಪ್ಪೇ ಇಲ್ಲದ ಮೆಲನೋಮಾವೂ ಉಂಟು. ಹಾಗಾಗಿ ತಿಂಗಳಾದರೂ ಒಣಗದ ಕೆಂಪು ಹುಣ್ಣನ್ನೂ ತೋರಿಸಿ.

ವೈದ್ಯರು ಬಯಾಪ್ಸಿ, ಅಂದರೆ ಕಲೆಯನ್ನು ಕತ್ತರಿಸಿ ತೆಗೆದು ಪರೀಕ್ಷೆಗೆ ಕಳಿಸುವುದು, ಹೇಳಿದರೆ ಒಪ್ಪಿಕೊಳ್ಳಿ. ಕತ್ತಿ ತಾಗಿದರೆ ಹರಡುತ್ತದೆ ಎಂಬುದು ಸುಳ್ಳು. ಎಷ್ಟು ಆಳಕ್ಕೆ ಇಳಿದಿದೆ ಎಂಬುದು ತಿಳಿಯುವುದು ಅದರಿಂದಲೇ. 1 ಮಿಲಿಮೀಟರ್‌ಗಿಂತ ತೆಳುವಾಗಿದ್ದರೆ ಹೆಚ್ಚಿನವರಿಗೆ ಶಸ್ತ್ರಚಿಕಿತ್ಸೆಯೊಂದೇ ಸಾಕು. ಮಂಗಳೂರಿಗೋ ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರಿಗೋ ಹೋಗುವಾಗ ಆ ವರದಿಯ ಜೊತೆಗೆ ನೀವು ತೆಗೆದ ಫೋಟೋಗಳೂ ಇರಲಿ.