ಹಳೇ ಇಂಗ್ಲಿಷ್ ಪುಸ್ತಕಗಳ ಸ್ಪೆಲ್ಲಿಂಗ್ ಓದೋದು ಹೇಗೆ?

1611ರ ಕಿಂಗ್ ಜೇಮ್ಸ್ ಬೈಬಲ್‌ನ ಮೊದಲ ಅಧ್ಯಾಯವನ್ನು ಹಳೇ ಸ್ಪೆಲ್ಲಿಂಗಿನಲ್ಲೇ ತೆಗೆದು ನೋಡಿ. ‘ಅಪಾನ್’ ಅನ್ನೋ ಪದ ಅಲ್ಲಿ ವಿ-ಪಿ-ಒ-ಎನ್. ‘ಹೆವನ್’ನಲ್ಲಿ ವಿ ಇರಬೇಕಾದ ಕಡೆ ಯು ಇದೆ. ಅಚ್ಚಿನ ತಪ್ಪು ಅಂದುಕೊಳ್ಳಬೇಡಿ. ಆಗ ಯು, ವಿ ಎರಡೂ ಒಂದೇ ಅಕ್ಷರದ ಎರಡು ರೂಪ: ಉಚ್ಚಾರ ಯಾವುದೇ ಇರಲಿ, ಪದದ ಶುರುವಿನಲ್ಲಿ ವಿ, ನಡುವೆ ಯು. ಐ, ಜೆ ಕಥೆಯೂ ಹೆಚ್ಚುಕಡಿಮೆ ಇದೇ, ಹಾಗಾಗಿ ‘ಜೀಸಸ್’ ಐ ಇಂದ ಶುರುವಾಗುತ್ತದೆ.

ಜಾಸ್ತಿ ಕಾಟ ಕೊಡೋದು ಉದ್ದ ಎಸ್, ಅಂದರೆ ಸಣ್ಣ ಎಸ್‌ನ ಹಳೇ ರೂಪ. ನೋಡೋಕೆ ಥೇಟ್ ಎಫ್. ಅಡ್ಡಗೆರೆ ಗಮನಿಸಿ: ಎಫ್‌ನಲ್ಲಿ ಅದು ಕಂಬ ದಾಟಿ ಬಲಕ್ಕೂ ಬರುತ್ತದೆ, ಉದ್ದ ಎಸ್‌ನಲ್ಲಿ ಎಡಕ್ಕಷ್ಟೇ ಚೂರು ಇರುತ್ತದೆ, ಕೆಲವು ಅಚ್ಚುಗಳಲ್ಲಿ ಅದೂ ಇರಲ್ಲ. ಪದದ ಕೊನೆಯಲ್ಲಿ ಮಾತ್ರ ಮಾಮೂಲಿ ಎಸ್. 1800ರ ಆಸುಪಾಸಿನಲ್ಲಿ ಉದ್ದ ಎಸ್ ಅಚ್ಚಿನಿಂದ ಮಾಯವಾಯಿತು. ಸ್ಕ್ಯಾನ್ ಮಾಡಿದ ಪುಸ್ತಕಗಳಲ್ಲಿ ಹುಡುಕುವಾಗ ಇದು ನೆನಪಿರಲಿ, ಯಾಕೆಂದರೆ ಎಷ್ಟೋ ಸಲ ಕಂಪ್ಯೂಟರ್ ಕೂಡ ಅದನ್ನು ಎಫ್ ಅಂತಲೇ ಓದಿರುತ್ತದೆ. ‘ಬೆಸ್ಟ್’ ಸಿಗಲಿಲ್ಲವಾ? ಎಸ್ ತೆಗೆದು ಎಫ್ ಹಾಕಿ ನೋಡಿ.

ಕೊನೆಯಲ್ಲಿ ಸುಮ್ನೆ ಅಂಟಿಕೊಂಡ ಇ ಕಂಡರೆ ಬಿಟ್ಟು ಓದಿ. ‘ಮ್ಯೂಸಿಕ್’, ‘ಪಬ್ಲಿಕ್’ ಕೊನೆಗೆ ಕೆ ಇದ್ದರೂ ಗಾಬರಿ ಬೇಡ, 1755ರ ಜಾನ್ಸನ್ ನಿಘಂಟಿನಲ್ಲೂ ಹಾಗೇ ಇದೆ. ವೈ ತಲೆ ಮೇಲೆ ಪುಟ್ಟ ಇ ಕೂತಿದ್ದರೆ ಅದು ‘ಯೀ’ ಅಲ್ಲ, ‘ದ’. ಈಗ ಟಿ-ಎಚ್ ಅಂತ ಬರೆಯುವ ಸದ್ದಿಗೆ ಹಿಂದೆ ಬೇರೆಯೇ ಅಕ್ಷರ ಇತ್ತು, ಅದರ ಜಾಗಕ್ಕೆ ವೈ ಬಂತು.

ಸ್ಕಾಟ್‌ಲೆಂಡಿನ ಬರಹಕ್ಕೆ ಬೇರೆ ಉಪಾಯ ಬೇಕು. ಅಲ್ಲಿ ಕಾಗುಣಿತ ಮಾತಿನ ಹಿಂದೆ ಹೋಗುತ್ತದೆ, ಹಾಗಾಗಿ ಜೋರಾಗಿ ಓದಿ. ‘ಹೂಸ್’ ಅಂದರೆ ಹೌಸ್, ‘ಡೂನ್’ ಅಂದರೆ ಡೌನ್. ‘ಆಲ್ಡ್’ ಅಂದರೆ ಓಲ್ಡ್, ‘ಕಾಲ್ಡ್’ ಅಂದರೆ ಕೋಲ್ಡ್. ಹಳಗನ್ನಡದ ‘ಪಾಲ್’ ಕಂಡ ತಕ್ಷಣ ‘ಹಾಲು’ ಅಂತ ಹೊಳೆಯುತ್ತದಲ್ವಾ, ಹಾಗೇ ಒಂದು ಜೋಡಿ ಹಿಡಿದರೆ ಹತ್ತು ಪದ ತಾನಾಗಿ ಬಿಚ್ಚಿಕೊಳ್ಳುತ್ತವೆ. ನನಗೆ ತುಂಬಾ ಇಷ್ಟವಾದದ್ದು ‘ನಿಖ್ಟ್’, ಅಂದರೆ ನೈಟ್. ನಾವು ಸದ್ದಿಲ್ಲದೆ ಬರೆಯುವ ಜಿ-ಎಚ್ ಅಲ್ಲಿ ಇನ್ನೂ ಗಂಟಲಲ್ಲಿ ಕೇಳಿಸುತ್ತದೆ! ಊಹೆಗೆ ಸಿಗದ ಪದಗಳಿಗೆ ‘ಡಿಕ್ಷನರೀಸ್ ಆಫ್ ದಿ ಸ್ಕಾಟ್ಸ್ ಲ್ಯಾಂಗ್ವೇಜ್’ ನೆಟ್‌ನಲ್ಲಿ ಪುಕ್ಕಟೆ ಸಿಗುತ್ತದೆ.

ಇಷ್ಟಾದ ಮೇಲೆ ಒಂದು ಮಾತು: ಹಳೇ ಸಾಲನ್ನು ಎಲ್ಲಾದರೂ ಬರೆದುಕೊಳ್ಳುವಾಗ ದಯವಿಟ್ಟು ಸ್ಪೆಲ್ಲಿಂಗ್ ತಿದ್ದಬೇಡಿ. ಈಗಿನ ರೂಪ ಬೇಕಿದ್ದರೆ ಪಕ್ಕದಲ್ಲಿ ಬೇರೆಯಾಗಿ ಬರೆಯಿರಿ.